ಕೊಯ್ದ ಬಲೆ

ತಪಸ್ಸು ಕಾಲದ ಮೂರನೇ ಶನಿವಾರ, ಸಂಜೆ ಐದಕ್ಕೆ
ಮೊಣಕಾಲೂರಿದೆ. ಮರ ತಣ್ಣಗಿತ್ತು.
ನಡುವೆ ಆ ಜಾಲರಿ, ಸಾಯ್ಬಾ,
ಬೆರಳೂ ತೂರದ ಕಣ್ಣಿನ ಹಿತ್ತಾಳೆ ಜಾಲರಿ;
ಆಚೆ ಹೊಸ ಪಾದ್ರಿಯ ಕಿವಿ, ಒಂದಿಷ್ಟು ನರೆಗಡ್ಡ,
ಕೆಮ್ಮಿನ ಗುಳಿಗೆಯ ವಾಸನೆ.

ಪಟ್ಟಿ ಬಾಯಿಪಾಠವಿತ್ತು.
ಸುಳ್ಳು, ಏಳೋ ಎಂಟೋ.
ರುಜಾಯಳ ಮೇಲೆ ಸಿಟ್ಟು, ದಿನವೂ ಅಂದುಕೊಳ್ಳಿ.
ಶುಕ್ರವಾರ ಮರೆತು ತಿಂದ ಕೋಳಿ.
ಪೂಜೆಯ ನಡುವೆ ಎದ್ದುಹೋಗಿ ಸೇದಿದ ಬೀಡಿ.
ತಾರ್ಲೆ ಮರಿಗಳ ಹಾಗೆ ಒಂದರ ಬಾಲಕ್ಕೆ ಒಂದು
ಕಣ್ಣಿನಿಂದ ನುಸುಳಿ ಆಚೆ ಹೋದವು.
ಹನ್ನೊಂದು ವರ್ಷದಿಂದ ಹೀಗೇ ಹೋಗುತ್ತಿವೆ.
ದೊಡ್ಡದು ಮಾತ್ರ ಈಚೆಯೇ ಉಳಿಯುತ್ತದೆ,
ನನ್ನ ಕಡೆ, ಕಿವಿರು ಬಡಿಯುತ್ತ.

"ಮತ್ತೇನಾದರೂ?"
ಎಲ್ಲ ಪಾದ್ರಿಗಳೂ ಕೇಳುತ್ತಾರೆ, ಬಾಯಿ ಅಭ್ಯಾಸ.
ಇವರು ಕೇಳಿ ಸುಮ್ಮನೆ ಕೂತರು.
ಹೊರಗೆ ಐಸಿನ ಲಾರಿ ಹಿಂದಕ್ಕೆ ಬರುವ ಸದ್ದು.
ಅದು ನಿಂತಿತು. ಆಮೇಲೂ ಕೂತಿದ್ದರು.

ಹೇಳಿದೆ.
ದೇವಗಡದ ದೀಪದಾಚೆ, ಅಮಾಸೆಗೆ ಎರಡು ದಿನ ಇರುವಾಗ
ಸುಕ್ರು ಹರಿಕಂತ್ರನ ಬಲೆ ಕೊಯ್ದವನು ನಾನು.
ನಾನು ಹಾಕುವ ಜಾಗದಲ್ಲಿ ಅವನು ಹಾಕಿದ್ದ.
ನನ್ನ ಜಾಗ ಎಂದು ನೀರ ಮೇಲೆ ಬರೆದವರು ಯಾರು,
ಆಗ ಅದು ಹೊಳೆಯಲಿಲ್ಲ.
ನಾಲ್ಕು ಕಡೆ ಕೊಯ್ದೆ. ಹೊಸ ನೈಲಾನು, ಕೂಗಲಿಲ್ಲ.
ಮರುದಿನ ದಡದಲ್ಲಿ ಅವನ ಪಕ್ಕ ನಾನೇ ನಿಂತು
"ಬಂಡೆಗೆ ಸಿಕ್ಕಿರಬೇಕು ಮಾರಾಯ" ಎಂದೆ,
ಬೆನ್ನ ಮೇಲೆ ಕೈಯಿಟ್ಟೆ.
ತಿನ್ನುವುದು ಅದು, ಫಾದರ್. ಚಾಕುವಲ್ಲ, ಆ ಕೈ.

ಮೂರು ನಮಾನ್ ಮೋರಿಯೆ ಕೊಡುತ್ತಾರೆಂದು ಕಾದೆ.
ಇಡೀ ತೇರ್ಸ್ ಆದರೂ ಸರಿ,
ಮಣಿ ಉರುಳಿಸಲು ಬೆರಳು ಸಾಕು.
"ದೇವರು ಕ್ಷಮಿಸುತ್ತಾನೆ, ಅದರಲ್ಲಿ ಅನುಮಾನ ಬೇಡ,"
ಎಂದರು. "ಬಲೆ ದೇವರದಲ್ಲವಲ್ಲ."

ಕೋಡಿಬಾಗದ ಅವನ ಅಂಗಳದ ತನಕ ಹೋಗಿ
ಎರಡು ಸಲ ತಿರುಗಿ ಬಂದೆ.
ಒಮ್ಮೆ ನಾಯಿಯ ನೆಪ. ಒಮ್ಮೆ ನೆಪವೂ ಇರಲಿಲ್ಲ.
ಮೂರನೇ ಸಲ ಅವನು ಹೊರಗೇ ಇದ್ದ,
ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಹೆಣೆಯುತ್ತ.
ಇಲ್ಲಿ ಜಾಲರಿಯಿಲ್ಲ. ಮುಖ ಅಲ್ಲೇ ಇತ್ತು, ಮೊಳ ದೂರಕ್ಕೆ.

ಅವನು ಸೂಜಿ ನಿಲ್ಲಿಸಲಿಲ್ಲ.
"ಬಂಡೆ ಕಚ್ಚಿದ ನೂಲು ಎಳೆ ಎಳೆ ಬಿಡುತ್ತದೆ, ಬೊಸ್ತ್ಯಾಂವ.
ಚಾಕು ಹೋದ ತುದಿಯೇ ಬೇರೆ.
ಆವತ್ತೇ ಗೊತ್ತಾಯಿತು."

ಗೊತ್ತಿದ್ದೂ ನನ್ನ ಬೀಡಿಗೆ ಬೆಂಕಿ ಕೊಟ್ಟಿದ್ದ.
ಗೊತ್ತಿದ್ದೂ ಮಗಳ ಮದುವೆಗೆ
ಎರಡು ಇಸ್ವಾಣ ಹೆಗಲ ಮೇಲೆ ಹೊತ್ತು ತಂದಿದ್ದ.

ಆಮೇಲೆ ದನಿ ಇಳಿಸಿ:
"ನಾನೂ ಒಂದು ಮಾಡಿದ್ದೇನೆ.
ದೇವರ ಮುಂದೆ ಕಾಯಿ ಇಟ್ಟು
ನಿನ್ನ ದೋಣಿ ಒಡೆಯಲಿ ಅಂತ ಕೇಳಿದೆ.
ಆ ಮಳೆಗಾಲ ಒಡೆಯಿತು.
ಇಟ್ಟ ಕಾಯಿ ಹಿಂದೆ ತಗೊಳ್ಳೋದು ಹೇಗೋ ಗೊತ್ತಿಲ್ಲ.
ನಿಮ್ಮ ಪಾದ್ರಿ ನನ್ನದೂ ಕೇಳುತ್ತಾರಾ?"

ದೋಣಿಗೆ ಮೊದಲೇ ಹುಳ ಹಿಡಿದಿತ್ತು,
ನಿನ್ನ ಕಾಯಿಯಿಂದಲ್ಲ, ಅನ್ನಬಹುದಿತ್ತು.
ನಿಜವೂ ಇರಬಹುದು.
ಆದರೆ ಬಾಯಿ ತೆರೆದಾಗ
ಮತ್ತೊಂದು ಬಂಡೆಯ ಮಾತಿನ ರುಚಿ ಬಂತು. ಮುಚ್ಚಿದೆ.

ತಂದ ದುಡ್ಡು ಅವನು ಮುಟ್ಟಲಿಲ್ಲ.
"ಈ ತುದಿ ಹಿಡಿ" ಎಂದ.
ಕಾಳಿಯ ನೀರು ಕಪ್ಪಾಗುವ ತನಕ ಹಿಡಿದೆ.
ನಾನು ಹಾಕಿದ ಗಂಟನ್ನೆಲ್ಲ ಬಿಚ್ಚಿ ತಾನೇ ಮತ್ತೆ ಹಾಕಿದ.
ಕ್ಷಮಿಸಿದೆ ಅನ್ನಲಿಲ್ಲ.
ದುಡ್ಡು ಈಗಲೂ ಕಿಸೆಯಲ್ಲಿದೆ, ಬೀಡಿಯ ಪುಡಿ ಹತ್ತಿ.

ಸಾಯ್ಬಾ, ನಾಳೆ ಮತ್ತೆ ಶನಿವಾರ.
ನನ್ನ ಹತ್ತಿರ ಪಟ್ಟಿಯಿಲ್ಲ.
ಸುಕ್ರುವಿನ ಪ್ರಶ್ನೆಯೊಂದಿದೆ.
ಅದು ದೊಡ್ಡದು,
ನಿನ್ನ ಜಾಲರಿಯ ಕಣ್ಣು ಸಣ್ಣದು.
ಹೇಗೆ ದಾಟಿಸಲಿ?